ಗಂಟೆಗೋಪುರದಲ್ಲಿ ಹುಟ್ಟಿ ಗೆಳೆಯರಿಗಾಗಿ ಸಂಗೀತ ಬರೆದ ಬೊಹುಸ್ಲಾವ್ ಮಾರ್ತಿನೂ

ಸಂಗೀತಗಾರರ ಹೆಸರು ಬಂದಾಗ ನಮ್ಮ ನೆನಪಿಗೆ ಬರುವುದು ದೊಡ್ಡ ವೇದಿಕೆಗಳು, ತುಂಬಿದ ಸಭಾಂಗಣಗಳು ಮತ್ತು ಚಪ್ಪಾಳೆ. ಆದರೆ ಜಗತ್ತಿನ ಒಳ್ಳೆಯ ಸಂಗೀತದ ಒಂದು ಪಾಲು ಹುಟ್ಟಿದ್ದು ಇಬ್ಬರು ಮೂವರು ಗೆಳೆಯರು ಒಂದು ಕೋಣೆಯಲ್ಲಿ ಕುಳಿತು ನುಡಿಸಲೆಂದು. ಇಂತಹ ಸಂಗೀತವನ್ನು ಪಾಶ್ಚಾತ್ಯರು ಛೇಂಬರ್ ಸಂಗೀತ, ಅಂದರೆ ಕೋಣೆಯ ಸಂಗೀತ ಎಂದು ಕರೆಯುತ್ತಾರೆ. ಅದರಲ್ಲಿಯೂ ಇಬ್ಬರೇ ನುಡಿಸುವ ಕೃತಿಗೆ ಡ್ಯುಯೋ ಎಂಬ ಹೆಸರಿದೆ. ತಮ್ಮ ಇಬ್ಬರು ಗೆಳೆಯರಿಗಾಗಿ, ಒಬ್ಬರ ಪಿಟೀಲಿಗೂ ಇನ್ನೊಬ್ಬರ ಚೆಲ್ಲೋ ವಾದ್ಯಕ್ಕೂ ಹೊಂದುವಂತೆ 1927ರಲ್ಲಿ ಒಂದು ಡ್ಯುಯೋ ಬರೆದ ಚೆಕ್ ಸಂಗೀತಗಾರ ಬೊಹುಸ್ಲಾವ್ ಮಾರ್ತಿನೂ ಅವರ ಜೀವನವನ್ನು ಇಲ್ಲಿ ಪರಿಚಯಿಸಲಾಗಿದೆ.

ಚರ್ಚಿನ ಗಂಟೆಗೋಪುರದಲ್ಲಿ ಹುಟ್ಟಿದ ಇವರು ಕಾಲೇಜಿನಿಂದ ಹೊರಹಾಕಲ್ಪಟ್ಟರು, ಎರಡು ಮಹಾಯುದ್ಧಗಳನ್ನು ಕಂಡರು ಮತ್ತು ಕೊನೆಗೂ ಜೀವಂತವಾಗಿ ತಾಯ್ನಾಡಿಗೆ ಮರಳಲಾಗದೆ ಹೋದರು. ಆದರೂ ಸುಮಾರು 400 ಕೃತಿಗಳನ್ನು ಜಗತ್ತಿಗೆ ಕೊಟ್ಟರು. ಚರ್ಚಿನ ಗಾಯನ ಮಂಡಳಿಗಳಲ್ಲಿ ಹಾಡುವವರು, ವಾದ್ಯ ನುಡಿಸುವವರು ಮತ್ತು ಮಕ್ಕಳಿಗೆ ಸಂಗೀತ ಕಲಿಸುವವರು ತಿಳಿದುಕೊಳ್ಳಬೇಕಾದ ಅನೇಕ ವಿಷಯಗಳು ಅವರ ಬದುಕಿನಲ್ಲಿವೆ.

ಗೋಪುರವೇ ಮನೆ

ಬೊಹುಸ್ಲಾವ್ ಮಾರ್ತಿನೂ ಹುಟ್ಟಿದ್ದು 1890ರ ಡಿಸೆಂಬರ್ 8ರಂದು. ಊರು ಪೊಲಿಚ್ಕಾ. ಬೊಹೇಮಿಯಾ ಮತ್ತು ಮೊರಾವಿಯಾ ಪ್ರಾಂತ್ಯಗಳ ಗಡಿಯ ಗುಡ್ಡಗಾಡಿನಲ್ಲಿರುವ ಈ ಚಿಕ್ಕ ಪಟ್ಟಣ ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿತ್ತು. ಇಂದು ಅದು ಚೆಕ್ ಗಣರಾಜ್ಯದಲ್ಲಿದೆ. ಪಟ್ಟಣದ ನಡುವೆ ಸಂತ ಯಾಕೋಬರ ದೇವಾಲಯವಿದ್ದು, ಅದರ ಗೋಪುರದ ಮೇಲ್ಭಾಗದ ಒಂದೇ ಕೋಣೆಯಲ್ಲಿ ಮಾರ್ತಿನೂ ಕುಟುಂಬ ವಾಸವಾಗಿತ್ತು. ನೆಲದಿಂದ ಸುಮಾರು 36 ಮೀಟರ್ ಎತ್ತರದಲ್ಲಿದ್ದ ಆ ಕೋಣೆ ತಲಪಲು ಸುಮಾರು 190 ಮೆಟ್ಟಿಲು ಹತ್ತಬೇಕಿತ್ತು.

ಗೋಪುರದಲ್ಲಿ ಸಂಸಾರ ಮಾಡಲು ಕಾರಣವಿತ್ತು. 1845ರಲ್ಲಿ ಪೊಲಿಚ್ಕಾ ಪಟ್ಟಣ ಭೀಕರ ಬೆಂಕಿಗೆ ತುತ್ತಾಗಿತ್ತು. ಮತ್ತೆ ಹಾಗಾಗದಂತೆ ಗೋಪುರದಲ್ಲಿ ಒಬ್ಬ ಕಾವಲುಗಾರ ಹಗಲು ರಾತ್ರಿ ಇದ್ದು, ಎಲ್ಲಿ ಹೊಗೆ ಕಂಡರೂ ಊರನ್ನು ಎಚ್ಚರಿಸಬೇಕಿತ್ತು. ಬೊಹುಸ್ಲಾವ್ ಅವರ ತಂದೆ ಫರ್ಡಿನೆಂಡ್ ಆ ಕಾವಲುಗಾರರಾಗಿದ್ದರು. ಗೋಪುರದ ಗಂಟೆಗಳನ್ನೂ ನೋಡಿಕೊಳ್ಳುತ್ತಿದ್ದ ಅವರು ಉಳಿದ ಸಮಯದಲ್ಲಿ ಅದೇ ಕೋಣೆಯಲ್ಲಿ ಕುಳಿತು ಚಪ್ಪಲಿ, ಬೂಟು ಹೊಲಿಯುತ್ತಿದ್ದರು. ತಾಯಿ ಕರೋಲಿನಾ ನೀರು, ಸೌದೆ, ದಿನಸಿ ಎಲ್ಲವನ್ನೂ ಕೆಳಗಿನಿಂದ ಮೇಲಕ್ಕೆ ತರಿಸಿಕೊಂಡು ಸಂಸಾರ ತೂಗಿಸುತ್ತಿದ್ದರು.

ಬಳ್ಳಾರಿಯ ಕೋಟೆ ಗುಡ್ಡವನ್ನು ಏರಿದವರಿಗೆ ಆ ನೋಟ ಹೇಗಿದ್ದಿರಬಹುದೆಂದು ಸುಲಭವಾಗಿ ಅರ್ಥವಾಗುತ್ತದೆ. ಮೇಲೆ ನಿಂತರೆ ಊರಿನ ಬೀದಿಗಳು ಗೆರೆಗಳಂತೆ, ಮನೆಗಳು ಬೆಂಕಿಪೆಟ್ಟಿಗೆಗಳಂತೆ ಕಾಣುತ್ತವೆ. ಸಿರುಗುಪ್ಪದ ಕಡೆಗೆ ಬಯಲು, ಕುರುಗೋಡಿನ ಕಡೆಗೆ ಕಲ್ಲುಗುಡ್ಡಗಳು. ಜನರ ಮಾತು ಕೇಳಿಸುವುದಿಲ್ಲ, ಗಾಳಿಯ ಸದ್ದು ಮಾತ್ರ. ಬಾಲಕ ಬೊಹುಸ್ಲಾವ್ ಬದುಕಿನ ಮೊದಲ ಸುಮಾರು 11 ವರ್ಷಗಳನ್ನು ಅಂತಹ ಎತ್ತರದಲ್ಲಿ ಕಳೆದರು. ಆರೋಗ್ಯ ಅಷ್ಟು ಚೆನ್ನಾಗಿಲ್ಲದ ಮಗುವನ್ನು ಮನೆಯವರು ಎಷ್ಟೋ ಬಾರಿ ಹೊತ್ತುಕೊಂಡು ಮೆಟ್ಟಿಲು ಏರುತ್ತಿದ್ದರಂತೆ. ಬೇರೆ ಮಕ್ಕಳು ಬೀದಿಯಲ್ಲಿ ಆಡುತ್ತಿದ್ದಾಗ ಈ ಬಾಲಕ ಕಂಡದ್ದು ವಿಶಾಲವಾದ ಆಕಾಶವನ್ನು, ಕೇಳಿದ್ದು ಗಂಟೆಗಳ ನಾದವನ್ನು. ಮುಂದೆ ತಮ್ಮ ಸಂಗೀತದಲ್ಲಿ ಅವರು ಹುಡುಕಿದ ವಿಶಾಲತೆಗೂ ನಿರಾಳತೆಗೂ ಈ ಗೋಪುರದ ನೋಟವೇ ಮೂಲ ಎಂದು ಅವರೇ ಹೇಳಿಕೊಂಡದ್ದುಂಟು. 1902ರಲ್ಲಿ ಕುಟುಂಬ ಗೋಪುರದಿಂದ ಕೆಳಗಿಳಿದು ಊರಿನೊಳಗೆ ನೆಲೆಸಿತು.

ದರ್ಜಿಯಿಂದ ಪಾಠ, ಊರಿನಿಂದ ನೆರವು

ಬಾಲಕನಿಗೆ ಸುಮಾರು 7 ವರ್ಷವಾದಾಗ ಪಿಟೀಲು ಪಾಠ ಆರಂಭವಾಯಿತು. ಗುರು ಯಾವುದೋ ಸಂಗೀತ ಶಾಲೆಯ ಪ್ರಾಧ್ಯಾಪಕರಲ್ಲ, ಅದೇ ಊರಿನ ದರ್ಜಿ ಯೋಸೆಫ್ ಚೆರ್ನೋವ್ಸ್ಕಿ. ಹಗಲಿಡೀ ಸೂಜಿ ದಾರ ಹಿಡಿಯುತ್ತಿದ್ದ ಅವರು ಬಿಡುವಿನಲ್ಲಿ ಮಕ್ಕಳಿಗೆ ಪಿಟೀಲು ಕಲಿಸುತ್ತಿದ್ದರು. ಜೀನ್ಸ್ ಹೊಲಿಗೆಯಿಂದ ಸಾವಿರಾರು ಮನೆಗಳ ಒಲೆ ಉರಿಯುವ ಬಳ್ಳಾರಿ ನಗರದ ಓದುಗರಿಗೆ ಈ ಸಂಗತಿ ವಿಶೇಷವಾಗಿ ಮೆಚ್ಚುಗೆಯಾಗಬಹುದು. ಮುಂದೆ ಲೋಕವಿಖ್ಯಾತರಾದ ಸಂಗೀತಗಾರನಿಗೆ ಬಿಲ್ಲು ಹಿಡಿಯಲು ಕಲಿಸಿದ್ದು ಒಬ್ಬ ಹೊಲಿಗೆ ಕೆಲಸದವರ ಕೈ.

ಹುಡುಗ ಬೇಗನೆ ಕಲಿತ. ಇನ್ನೂ ಚಿಕ್ಕ ವಯಸ್ಸಿನಲ್ಲಿಯೇ ನಾಲ್ಕು ತಂತಿವಾದ್ಯಗಳಿಗಾಗಿ ಮೂವರು ಕುದುರೆ ಸವಾರರ ಕಥೆಯನ್ನು ಆಧರಿಸಿದ ಒಂದು ಕೃತಿಯನ್ನು ಬರೆದ. ಹದಿಹರೆಯದಲ್ಲಿ ಸಾರ್ವಜನಿಕವಾಗಿ ನುಡಿಸಿದಾಗ ಊರಿನವರಿಗೆ ಹೆಮ್ಮೆಯಾಯಿತು. ಆದರೆ ಚಪ್ಪಲಿ ಹೊಲಿಯುವ ಕುಟುಂಬಕ್ಕೆ ಮಗನನ್ನು ರಾಜಧಾನಿಯಲ್ಲಿ ಓದಿಸುವ ಶಕ್ತಿ ಇರಲಿಲ್ಲ. ಆಗ ಪೊಲಿಚ್ಕಾದ ಜನರು ಹಣ ಸೇರಿಸಿ ಕೊಟ್ಟರು. 1906ರಲ್ಲಿ ಬೊಹುಸ್ಲಾವ್ ಪ್ರಾಗ್ ನಗರದ ಸಂಗೀತ ವಿದ್ಯಾಲಯವನ್ನು ಸೇರಿದರು. ನಮ್ಮ ಧರ್ಮಕೇಂದ್ರಗಳಲ್ಲಿಯೂ ಬಡ ಮಕ್ಕಳ ವಿದ್ಯಾಭ್ಯಾಸಕ್ಕೆ ಜನರು ಕೈಲಾದಷ್ಟು ಕೊಡುವುದುಂಟು. ಹೀಗೆ ಕೊಟ್ಟ ಹಣಕ್ಕೆ ಫಲ ಯಾವಾಗ ಸಿಗುತ್ತದೆಂದು ಕೊಟ್ಟವರಿಗೆ ತಿಳಿಯುವುದಿಲ್ಲ. ಪೊಲಿಚ್ಕಾದವರಿಗೂ ತಿಳಿದಿರಲಿಲ್ಲ.

ಕಾಲೇಜು ಕೈಬಿಟ್ಟಿತು, ಗೆಳೆಯ ಕೈಬಿಡಲಿಲ್ಲ

ಪ್ರಾಗ್ ಅವರಿಗೆ ಹೊಸ ಲೋಕವನ್ನೇ ತೆರೆಯಿತು. ನಾಟಕ, ಒಪೆರಾ, ಪುಸ್ತಕ, ಕಛೇರಿ ಎಂದು ತಿರುಗಾಡಿದ ಯುವಕನಿಗೆ ತರಗತಿಯ ಪಾಠ ರುಚಿಸಲಿಲ್ಲ. ದಿನವೂ ಗಂಟೆಗಟ್ಟಲೆ ಅಭ್ಯಾಸ ಮಾಡುವುದಕ್ಕಿಂತ ಹೊಸ ಸಂಗೀತವನ್ನು ಕೇಳುವುದರಲ್ಲಿ, ಬರೆಯುವುದರಲ್ಲಿ ಮನಸ್ಸು ಓಡುತ್ತಿತ್ತು. 1909ರಲ್ಲಿ ಅವರನ್ನು ಪಿಟೀಲು ವಿಭಾಗದಿಂದ ಆರ್ಗನ್ ವಿಭಾಗಕ್ಕೆ ವರ್ಗಾಯಿಸಲಾಯಿತು. ಅಲ್ಲಿಯೂ ಸುಧಾರಣೆ ಕಾಣಲಿಲ್ಲ. 1910ರಲ್ಲಿ ತಿದ್ದಲಾಗದ ಅಲಕ್ಷ್ಯ ಎಂಬ ಕಾರಣ ನೀಡಿ ವಿದ್ಯಾಲಯವು ಅವರನ್ನು ಹೊರಹಾಕಿತು.

ಊರಿನವರ ಹಣದಲ್ಲಿ ಓದಲು ಹೋದ ಹುಡುಗ ಹೀಗೆ ಮರಳಿದಾಗ ತಂದೆ ತಾಯಿಗೆ ಎಷ್ಟು ನೋವಾಗಿರಬೇಕು ಎಂಬುದನ್ನು ವಿವರಿಸಬೇಕಾಗಿಲ್ಲ. ಈ ಕಷ್ಟದ ದಿನಗಳಲ್ಲಿ ಅವರೊಂದಿಗೆ ನಿಂತದ್ದು ಸಹಪಾಠಿ ಸ್ತಾನಿಸ್ಲಾವ್ ನೊವಾಕ್. ಇಬ್ಬರೂ ಒಂದೇ ವರ್ಷ ಹುಟ್ಟಿದವರು. ಪ್ರಾಗ್‌ನಲ್ಲಿ ಒಂದೇ ಕೋಣೆಯಲ್ಲಿ ವಾಸವಾಗಿದ್ದವರು. ಇಬ್ಬರೂ ಪಿಟೀಲು ಕಲಿಯುತ್ತಿದ್ದರು. ಒಂದು ವ್ಯತ್ಯಾಸವಿತ್ತು: ನೊವಾಕ್ ಶಿಸ್ತಿನ ಅಭ್ಯಾಸದಿಂದ ಉತ್ತಮ ವಾದಕರಾಗಿ ಬೆಳೆದರು, ಮಾರ್ತಿನೂ ಸ್ವರಗಳನ್ನು ಕಾಗದದ ಮೇಲೆ ಇಳಿಸುವವರಾಗಿ ಬೆಳೆದರು. ಇಂತಹ ಇಬ್ಬರ ನಡುವೆ ಹೊಟ್ಟೆಕಿಚ್ಚು ಹುಟ್ಟುವುದು ಸುಲಭ. ಆದರೆ ಅವರ ನಡುವೆ ಹುಟ್ಟಿದ್ದು ಜೀವನವಿಡೀ ಬಾಳಿದ ಸ್ನೇಹ.

1912ರಲ್ಲಿ ಮಾರ್ತಿನೂ ಸಂಗೀತ ಶಿಕ್ಷಕರ ಸರಕಾರಿ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪೊಲಿಚ್ಕಾದಲ್ಲಿಯೇ ಇದ್ದು ಮಕ್ಕಳಿಗೆ ಪಿಟೀಲು ಕಲಿಸಿದರು. ನೊವಾಕ್ ಅಷ್ಟರಲ್ಲಿ ಚೆಕ್ ಫಿಲ್‌ಹಾರ್ಮೋನಿಕ್ ಎಂಬ ಹೆಸರಾಂತ ವಾದ್ಯವೃಂದದಲ್ಲಿ ಪಿಟೀಲುವಾದಕರ ಮುಂದಾಳಾದರು. ಮಾರ್ತಿನೂ ಕೂಡ ಅದೇ ವಾದ್ಯವೃಂದದಲ್ಲಿ ಎರಡನೆಯ ಪಿಟೀಲು ಸಾಲಿನಲ್ಲಿ ನುಡಿಸುತ್ತಿದ್ದು, 1920ರಿಂದ 1923ರವರೆಗೆ ಖಾಯಂ ಸದಸ್ಯರಾಗಿದ್ದರು. ಗೆಳೆಯ ಮುಂದಿನ ಕುರ್ಚಿಯಲ್ಲಿ, ತಾವು ಹಿಂದಿನ ಸಾಲಿನಲ್ಲಿ. ಆ ಹಿಂದಿನ ಸಾಲಿನಲ್ಲಿ ಕುಳಿತೇ ಅವರು ದೊಡ್ಡ ದೊಡ್ಡ ಕೃತಿಗಳು ಒಳಗಿನಿಂದ ಹೇಗೆ ಕಟ್ಟಲ್ಪಟ್ಟಿವೆ ಎಂಬುದನ್ನು ಅರಿತರು.

ಪ್ಯಾರಿಸ್‌ನ ಚಿಕ್ಕ ಕೋಣೆ

1923ರಲ್ಲಿ ಒಂದು ಸಣ್ಣ ಸರಕಾರಿ ವಿದ್ಯಾರ್ಥಿವೇತನ ಪಡೆದು ಮಾರ್ತಿನೂ ಪ್ಯಾರಿಸ್‌ಗೆ ಹೊರಟರು. ಅಲ್ಪ ಕಾಲಕ್ಕೆಂದು ಹೋದವರು 17 ವರ್ಷ ಅಲ್ಲಿಯೇ ಉಳಿದರು. ಅಲ್ಲಿ ಅವರಿಗೆ ಗುರುಗಳಾಗಿ ದೊರೆತವರು ಆಲ್ಬೆರ್ ರೂಸೆಲ್. ಅಡ್ಡಾದಿಡ್ಡಿಯಾಗಿ ಹರಿಯುತ್ತಿದ್ದ ಶಿಷ್ಯನ ಪ್ರತಿಭೆಗೆ ರೂಸೆಲ್ ಕ್ರಮ, ಸ್ಪಷ್ಟತೆ ಮತ್ತು ಮಿತಿಯನ್ನು ಕಲಿಸಿದರು.

ಹಣದ ತೊಂದರೆ ಬಹಳವಿತ್ತು. 1926ರಲ್ಲಿ ಅವರಿಗೆ ಷಾರ್ಲೋಟ್ ಕೆನೆಹೆನ್ ಎಂಬ ಫ್ರೆಂಚ್ ಯುವತಿಯ ಪರಿಚಯವಾಯಿತು. ಆಕೆ ಬಟ್ಟೆ ಹೊಲಿಯುವ ಕೆಲಸದವರು. 1931ರಲ್ಲಿ ಅವರಿಬ್ಬರ ವಿವಾಹವಾಯಿತು. ಸಂಗೀತದಿಂದ ಬರುತ್ತಿದ್ದ ಅಲ್ಪ ಆದಾಯ ಸಾಲದಿದ್ದಾಗ ಷಾರ್ಲೋಟ್ ಅವರ ಹೊಲಿಗೆಯೇ ಮನೆಯನ್ನು ನಡೆಸಿತು. ದರ್ಜಿಯೊಬ್ಬರಿಂದ ಆರಂಭವಾದ ಅವರ ಸಂಗೀತ ಹೊಲಿಗೆಯವರೊಬ್ಬರ ದುಡಿಮೆಯಿಂದಲೇ ಮುಂದುವರಿಯಿತು ಎಂದರೆ ತಪ್ಪಾಗಲಾರದು.

ಆ ಕಾಲದಲ್ಲಿ ಯೂರೋಪಿನ ಸಂಗೀತದಲ್ಲಿ ದೊಡ್ಡ ಬದಲಾವಣೆ ನಡೆಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಸಂಗೀತ ದೊಡ್ಡ ವಾದ್ಯವೃಂದ, ದೀರ್ಘ ಕೃತಿ, ತೀವ್ರ ಭಾವಾವೇಶಗಳ ಕಡೆಗೆ ಸಾಗಿತ್ತು. ಮೊದಲನೆಯ ಮಹಾಯುದ್ಧದ ಸಾವು ನೋವಿನ ಬಳಿಕ ಹಲವು ಸಂಗೀತಗಾರರಿಗೆ ಆ ಆಡಂಬರ ಸಾಕೆನಿಸಿತು. ಅವರು ಹದಿನೇಳು, ಹದಿನೆಂಟನೆಯ ಶತಮಾನದವರ ಕಡೆಗೆ, ಬಾಖ್, ಕೊರೆಲ್ಲಿ, ಹೇಡನ್, ಮೊಝಾರ್ಟ್ ಮುಂತಾದವರ ಅಚ್ಚುಕಟ್ಟಾದ ರಚನೆಗಳ ಕಡೆಗೆ ತಿರುಗಿದರು. ಹಳೆಯ ಚೌಕಟ್ಟು, ಹೊಸ ಸ್ವರಸಂಯೋಜನೆ, ಕಡಿಮೆ ವಾದ್ಯಗಳು, ಹಿತಮಿತ ಭಾವ. ಇದಕ್ಕೆ ನವಶಾಸ್ತ್ರೀಯ ಶೈಲಿ ಎಂಬ ಹೆಸರು ಬಂತು. ಸ್ಟ್ರಾವಿನ್‌ಸ್ಕಿ ಅವರು 1920ರಲ್ಲಿ ಹಳೆಯ ಇಟಲಿಯ ಸಂಗೀತವನ್ನು ಆಧರಿಸಿ ಪುಲ್ಚಿನೆಲ್ಲಾ ಎಂಬ ನೃತ್ಯಸಂಗೀತ ಬರೆದದ್ದು ಈ ಶೈಲಿಯ ಹೆಸರಾಂತ ಉದಾಹರಣೆ. ರಾವೆಲ್ ಅವರು 1920ರಿಂದ 1922ರವರೆಗೆ ಶ್ರಮಿಸಿ ಪಿಟೀಲು ಮತ್ತು ಚೆಲ್ಲೋಗಾಗಿ ಒಂದು ಸೊನಾಟಾ ಬರೆದರು. ಅದನ್ನು ಅವರು ಅಗಲಿದ ಸಂಗೀತಗಾರ ಡೆಬ್ಯುಸ್ಸಿ ಅವರ ಸ್ಮರಣೆಗೆ ಅರ್ಪಿಸಿದರು. ಇಂತಹ ವಾತಾವರಣ ಮಾರ್ತಿನೂ ಅವರ ಸ್ವಭಾವಕ್ಕೆ ಸರಿಯಾಗಿ ಹೊಂದಿತು. ಇಂಗ್ಲೆಂಡಿನ ಹಳೆಯ ಮಾದ್ರಿಗಲ್ ಹಾಡುಗಳನ್ನು ಅವರು ಪ್ರಾಗ್‌ನಲ್ಲಿಯೇ ಕೇಳಿ ಮಾರುಹೋಗಿದ್ದರು. ಅಲ್ಲಿ ಪ್ರತಿಯೊಬ್ಬ ಹಾಡುಗಾರನಿಗೂ ಸ್ವತಂತ್ರ ರಾಗವಿದ್ದು, ಎಲ್ಲರೂ ಸೇರಿದಾಗ ಒಂದೇ ಹಾಡಾಗುತ್ತದೆ.

ಗೆಳೆಯರಿಗಾಗಿ ಒಂದು ಡ್ಯುಯೋ

ಈ ನಡುವೆ ಸ್ತಾನಿಸ್ಲಾವ್ ನೊವಾಕ್ ಅವರು ಚೆಲ್ಲೋವಾದಕ ಮೌರಿಟ್ಸ್ ಫ್ರಾಂಕ್ ಅವರೊಂದಿಗೆ ಸೇರಿ ನಾಲ್ವರ ಒಂದು ವಾದ್ಯತಂಡವನ್ನು ಕಟ್ಟಿದ್ದರು. ಇಬ್ಬರ ಹೆಸರೂ ಸೇರಿ ಅದು ನೊವಾಕ್-ಫ್ರಾಂಕ್ ಕ್ವಾರ್ಟೆಟ್ ಎನಿಸಿಕೊಂಡಿತು. 1925ರಲ್ಲಿ ಮಾರ್ತಿನೂ ಬರೆದ ಎರಡನೆಯ ಸ್ಟ್ರಿಂಗ್ ಕ್ವಾರ್ಟೆಟ್ ಅನ್ನು ಬರ್ಲಿನ್‌ನಲ್ಲಿ ಮೊದಲು ನುಡಿಸಿದ್ದು ಇದೇ ತಂಡ. ದೂರದ ಪ್ಯಾರಿಸ್‌ನಲ್ಲಿ ಹೆಸರಿಗಾಗಿ ಹೆಣಗುತ್ತಿದ್ದ ಗೆಳೆಯನ ಕೃತಿಯನ್ನು ಅವರು ತಮ್ಮದೆಂದೇ ಊರೂರಿಗೆ ಒಯ್ದರು. ಅದಕ್ಕೆ ಪ್ರತಿಯಾಗಿ ಕೊಡಲು ಮಾರ್ತಿನೂ ಬಳಿ ಹಣವಿರಲಿಲ್ಲ. ಇದ್ದದ್ದು ಸಂಗೀತ. 1927ರಲ್ಲಿ ಪ್ಯಾರಿಸ್‌ನಲ್ಲಿ ಅವರು ಪಿಟೀಲು ಮತ್ತು ಚೆಲ್ಲೋಗಾಗಿ ಮೊದಲ ಡ್ಯುಯೋ ಬರೆದು ಅದನ್ನು ನೊವಾಕ್ ಮತ್ತು ಫ್ರಾಂಕ್ ಇಬ್ಬರಿಗೂ ಅರ್ಪಿಸಿದರು.

ಇಬ್ಬರಿಗಾಗಿ ಬರೆಯುವುದು ನೂರು ಜನರ ವಾದ್ಯವೃಂದಕ್ಕೆ ಬರೆಯುವುದಕ್ಕಿಂತ ಸುಲಭ ಎಂದು ತೋರಬಹುದು. ನಿಜ ಹಾಗಲ್ಲ. ಪಿಟೀಲಿಗೆ ನಾಲ್ಕು ತಂತಿ, ಚೆಲ್ಲೋಗೆ ನಾಲ್ಕು ತಂತಿ. ಚೆಲ್ಲೋ ಪಿಟೀಲಿನ ಕುಟುಂಬದ್ದೇ ಆದರೂ ಗಾತ್ರದಲ್ಲಿ ಬಹಳ ದೊಡ್ಡದು. ಕುಳಿತು ಮೊಣಕಾಲುಗಳ ನಡುವೆ ಇಟ್ಟುಕೊಂಡು ನುಡಿಸಬೇಕು. ಅದರ ಧ್ವನಿ ಗಂಡು ಧ್ವನಿಯಂತೆ ಗಂಭೀರ. ಇಬ್ಬರ ಹಿಂದೆ ಪಿಯಾನೋ ಇಲ್ಲ, ತಾಳದ ಆಸರೆ ಇಲ್ಲ, ಮುಂದೆ ನಿಂತು ಕೈ ಬೀಸುವ ನಿರ್ದೇಶಕರಿಲ್ಲ. ನಾಲ್ಕು ಧ್ವನಿಯ ತುಂಬುತನ ಬೇಕಾದರೆ ಒಬ್ಬರೇ ಎರಡು ತಂತಿಗಳ ಮೇಲೆ ಒಟ್ಟಿಗೆ ಬಿಲ್ಲಾಡಿಸಬೇಕು. ತಾಳದ ಚುರುಕು ಬೇಕಾದರೆ ಬಿಲ್ಲು ಬಿಟ್ಟು ಬೆರಳಿನಿಂದ ತಂತಿ ಮೀಟಬೇಕು. ಯಾವ ಸ್ವರವೂ ಇನ್ನೊಬ್ಬರ ನೆರಳಿನಲ್ಲಿ ಅಡಗುವಂತಿಲ್ಲ. ಒಬ್ಬರು ತಪ್ಪಿದರೆ ತಕ್ಷಣ ಕೇಳಿಸುತ್ತದೆ.

ನಮ್ಮ ಕರ್ನಾಟಕ ಸಂಗೀತದ ಕಛೇರಿಯಲ್ಲಿ ಪಿಟೀಲು ಹೆಚ್ಚಾಗಿ ಪಕ್ಕವಾದ್ಯ. ಗಾಯಕರು ಮುಂದೆ ಹೋದಂತೆ ಪಿಟೀಲು ಹಿಂಬಾಲಿಸುತ್ತದೆ. ದೂರ ಕೂತವರಿಗೂ ಕೇಳಿಸಬೇಕೆಂದು ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಅಳವಡಿಸಿದ್ದನ್ನು ನಾವು ಬಲ್ಲೆವು. ಜುಗಲ್‌ಬಂದಿಯಲ್ಲಿ ಇಬ್ಬರು ಸಮಾನರಾಗಿ ಕುಳಿತರೂ ಅಲ್ಲಿ ಹೆಚ್ಚಿನದು ಆ ಕ್ಷಣದ ಮನೋಧರ್ಮ. ಮಾರ್ತಿನೂ ಅವರ ಡ್ಯುಯೋದಲ್ಲಿ ಪ್ರತಿಯೊಂದು ಸ್ವರವೂ ಮೊದಲೇ ಬರೆದಿಟ್ಟದ್ದು. ಆದರೆ ಇಲ್ಲಿ ಪಕ್ಕವಾದ್ಯ ಎಂಬುದೇ ಇಲ್ಲ. ಒಮ್ಮೆ ಪಿಟೀಲು ಮಾತಾಡಿದರೆ ಚೆಲ್ಲೋ ಕೇಳುತ್ತದೆ, ಮತ್ತೊಮ್ಮೆ ಚೆಲ್ಲೋ ಮಾತಾಡಿದರೆ ಪಿಟೀಲು ದಾರಿ ಬಿಡುತ್ತದೆ.

ಕೃತಿಯಲ್ಲಿ ಎರಡೇ ಭಾಗಗಳಿವೆ. ಮೊದಲನೆಯದು ಪ್ರೆಲ್ಯೂಡ್, ನಿಧಾನ ಗತಿಯ ಪೀಠಿಕೆ. ಎರಡು ಧ್ವನಿಗಳು ಧ್ಯಾನದಲ್ಲಿರುವಂತೆ ಒಂದನ್ನೊಂದು ಹೆಣೆದುಕೊಂಡು ಸಾಗುತ್ತವೆ. ಎರಡನೆಯದು ರೊಂಡೋ. ರೊಂಡೋ ಎಂದರೆ ಹಾಡಿನ ಪಲ್ಲವಿಯಂತೆ ಒಂದೇ ಮುಖ್ಯ ರಾಗಭಾಗ ಮತ್ತೆ ಮತ್ತೆ ಮರಳಿ ಬರುವ ಹಳೆಯ ರಚನೆ. ಇಲ್ಲಿ ಗತಿ ಚುರುಕು, ಇಬ್ಬರಿಗೂ ಕೈಚಳಕ ತೋರಿಸಲು ಬೇಕಾದಷ್ಟು ಅವಕಾಶ. ಒಟ್ಟು ಸುಮಾರು ಹತ್ತು ಹನ್ನೆರಡು ನಿಮಿಷಗಳ ಚಿಕ್ಕ ಕೃತಿ. ಆದರೆ ನೊವಾಕ್ ಅವರ ಬಿಲ್ಲು ಎಲ್ಲಿ ಹಾರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕೋಣೆಯ ಗೆಳೆಯನಾಗಿ ವರ್ಷಗಟ್ಟಲೆ ಕೇಳಿದವರು ಮಾತ್ರ ಹೀಗೆ ಬರೆಯಬಲ್ಲರು. ಇಂದಿಗೂ ಪಿಟೀಲು ಮತ್ತು ಚೆಲ್ಲೋವಾದಕರು ಜೊತೆಯಾಗಿ ಕುಳಿತಾಗ ಈ ಕೃತಿಯನ್ನು ಎತ್ತಿಕೊಳ್ಳುವುದುಂಟು.

ಯುದ್ಧ ಮತ್ತು ಅಗಲಿಕೆ

ಮುಂದಿನ ವರ್ಷಗಳಲ್ಲಿ ಮಾರ್ತಿನೂ ಹೆಸರು ಹರಡಿತು. 1932ರಲ್ಲಿ ಅವರ ತಂತಿವಾದ್ಯಗಳ ಸೆಕ್ಸ್‌ಟೆಟ್‌ಗೆ ಅಮೆರಿಕದ ಕೂಲಿಡ್ಜ್ ಬಹುಮಾನ ದೊರೆಯಿತು. ಹಳೆಯ ಜಾನಪದ ಮತ್ತು ಭಕ್ತಿ ನಾಟಕಗಳನ್ನು ಆಧರಿಸಿ ಮರಿಯಮ್ಮನವರ ಕುರಿತ ಒಂದು ಒಪೆರಾ ಬರೆದರು. ಅದು 1935ರಲ್ಲಿ ಬ್ರನೋ ನಗರದಲ್ಲಿ ಪ್ರದರ್ಶನ ಕಂಡಿತು. ಪ್ರತಿ ಬೇಸಿಗೆಯಲ್ಲಿ ಪೊಲಿಚ್ಕಾಗೆ ಹೋಗಿ ತಾಯಿಯೊಂದಿಗೆ ಕೆಲವು ದಿನ ಕಳೆಯುವುದು ಅವರ ಅಭ್ಯಾಸವಾಗಿತ್ತು. 1938ರ ಬೇಸಿಗೆಯಲ್ಲಿ ಹೋದದ್ದೇ ಕೊನೆ. ಅದೇ ವರ್ಷ ಮ್ಯೂನಿಕ್ ಒಪ್ಪಂದದಿಂದ ಚೆಕೊಸ್ಲೊವಾಕಿಯಾ ಒಡೆಯಿತು. 1939ರ ಮಾರ್ಚ್‌ನಲ್ಲಿ ಹಿಟ್ಲರನ ಸೇನೆ ಪ್ರಾಗ್ ನಗರವನ್ನು ಆಕ್ರಮಿಸಿತು.

ಫ್ರಾನ್ಸ್‌ನಲ್ಲಿ ಸೇರಿದ ಚೆಕ್ ಸ್ವಯಂಸೇವಕ ಸೈನಿಕರಿಗಾಗಿ ಮಾರ್ತಿನೂ 1939ರಲ್ಲಿ ರಣರಂಗದ ಬಲಿಪೂಜೆ ಎಂಬ ಅರ್ಥ ಬರುವ ಕೃತಿಯೊಂದನ್ನು ಬರೆದರು. ಅದರಲ್ಲಿ ಪುರುಷರ ಗಾಯನ, ಊದುವ ವಾದ್ಯಗಳು, ತಾಳವಾದ್ಯಗಳು ಮತ್ತು ಹಾರ್ಮೋನಿಯಂ ಇವೆ. ಬಯಲಿನಲ್ಲಿ ನಿಂತ ಸೈನಿಕರು ಹಾಡಬೇಕಾದದ್ದರಿಂದ ತಮಗೆ ಅತ್ಯಂತ ಪ್ರಿಯವಾದ ತಂತಿವಾದ್ಯಗಳನ್ನು ಅವರು ಬಿಟ್ಟುಬಿಟ್ಟರು. ಮನೆಯಿಂದ ದೂರವಿರುವ ಸೈನಿಕನ ಪ್ರಾರ್ಥನೆಯೇ ಅದರ ತಿರುಳು.

1940ರ ಜೂನ್‌ನಲ್ಲಿ ಜರ್ಮನ್ ಸೇನೆ ಪ್ಯಾರಿಸ್‌ಗೆ ಹತ್ತಿರವಾದಾಗ ದಂಪತಿ ಮನೆ, ಸಾಮಾನು, ಸಂಗೀತದ ಹಸ್ತಪ್ರತಿಗಳು ಎಲ್ಲವನ್ನೂ ಬಿಟ್ಟು ದಕ್ಷಿಣಕ್ಕೆ ಓಡಿದರು. ತಿಂಗಳುಗಟ್ಟಲೆ ವೀಸಾಕ್ಕಾಗಿ ಅಲೆದಾಟ, ಚಳಿ, ಹಸಿವು. ಕೊನೆಗೆ ಪೋರ್ಚುಗಲಿನ ಲಿಸ್ಬನ್‌ನಿಂದ ಹಡಗು ಸಿಕ್ಕಿ 1941ರ ಮಾರ್ಚ್ 31ರಂದು ನ್ಯೂಯಾರ್ಕ್ ತಲಪಿದರು. ಆಗ ಅವರಿಗೆ 50 ವರ್ಷ. ಭಾಷೆ ಗೊತ್ತಿಲ್ಲ, ಪರಿಚಯ ಕಡಿಮೆ, ಕೈಯಲ್ಲಿ ಹಣವಿಲ್ಲ. ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾಯಿತು. 1942ರಲ್ಲಿ ಬೋಸ್ಟನ್ನಿನ ನಿರ್ದೇಶಕ ಕುಸ್ಸೆವಿಟ್ಸ್‌ಕಿ ಅವರ ಆಹ್ವಾನದ ಮೇರೆಗೆ ಮೊದಲ ಸಿಂಫನಿ ಬರೆದರು. ಬಳಿಕ ವರ್ಷಕ್ಕೊಂದರಂತೆ ನಾಲ್ಕು ಸಿಂಫನಿಗಳು ಬಂದವು. ನಾಝಿಗಳು 1942ರಲ್ಲಿ ನಾಶಮಾಡಿದ ಲಿಡಿಚೆ ಎಂಬ ಹಳ್ಳಿಯ ಸ್ಮರಣೆಗಾಗಿ 1943ರಲ್ಲಿ ಒಂದು ಚಿಕ್ಕ ಶೋಕಕೃತಿಯನ್ನೂ ಬರೆದರು.

ಇತ್ತ ಊರಿನಿಂದ ಸುದ್ದಿ ಇರಲಿಲ್ಲ. 1944ರಲ್ಲಿ ತಾಯಿ ತೀರಿಕೊಂಡರು. ಮಗ ಸಮುದ್ರದಾಚೆ ಇದ್ದರು. 1945ರಲ್ಲಿ ಯುದ್ಧ ಮುಗಿಯಿತು. ಆದರೆ ಅದೇ ವರ್ಷ ಸ್ತಾನಿಸ್ಲಾವ್ ನೊವಾಕ್ ಕೂಡ ಅಗಲಿದರು. ವಿದ್ಯಾರ್ಥಿಯಾಗಿದ್ದಾಗ ಒಂದೇ ಕೋಣೆ ಹಂಚಿಕೊಂಡಿದ್ದ ಗೆಳೆಯನನ್ನು ಮತ್ತೆ ಕಾಣುವ ಭಾಗ್ಯ ಅವರಿಗೆ ದೊರೆಯಲಿಲ್ಲ.

ಬಿದ್ದು ಎದ್ದ ಮೇಲೆ

1946ರ ಜುಲೈಯಲ್ಲಿ ಅಮೆರಿಕದ ಗ್ರೇಟ್ ಬ್ಯಾರಿಂಗ್ಟನ್ ಎಂಬಲ್ಲಿ ಬೇಸಿಗೆ ಶಿಬಿರದಲ್ಲಿ ಪಾಠ ಮಾಡುತ್ತಿದ್ದಾಗ ರಾತ್ರಿ ಬಾಲ್ಕನಿಯಿಂದ ಬಿದ್ದು ತಲೆಬುರುಡೆಗೆ ಪೆಟ್ಟಾಯಿತು. ಒಂದು ಕಿವಿಯ ಕೇಳ್ಮೆ ಕುಂದಿತು, ನಡೆಯುವಾಗ ಸಮತೋಲ ತಪ್ಪುತ್ತಿತ್ತು. ಸಂಗೀತಗಾರರಿಗೆ ಕಿವಿಗಿಂತ ದೊಡ್ಡ ಆಸ್ತಿ ಬೇರೇನಿದೆ? ಚೇತರಿಸಿಕೊಳ್ಳಲು ದೀರ್ಘ ಕಾಲ ಬೇಕಾಯಿತು. ಪ್ರಾಗ್‌ನ ವಿದ್ಯಾಲಯ ಅವರನ್ನು ಪ್ರಾಧ್ಯಾಪಕರಾಗಿ ಕರೆಯಲು ಮುಂದಾಗಿತ್ತು. ಹೊರಹಾಕಲ್ಪಟ್ಟ ಪ್ರಾಗ್‌ಗೆ ಗುರುವಾಗಿ ಮರಳುವ ಅವಕಾಶ ಅದು. ಆದರೆ ಈ ಅಪಘಾತ, ಬಳಿಕ 1948ರಲ್ಲಿ ಅಲ್ಲಿ ನಡೆದ ಕಮ್ಯುನಿಸ್ಟ್ ಅಧಿಕಾರ ಬದಲಾವಣೆ ಆ ದಾರಿಯನ್ನು ಮುಚ್ಚಿಬಿಟ್ಟಿತು.

ಆ ನೋವಿನ ದಿನಗಳಲ್ಲಿ ಅವರು ಮತ್ತೆ ಇಬ್ಬರಿಗಾಗಿ ಬರೆಯಲು ಕುಳಿತರು. ನ್ಯೂಯಾರ್ಕ್‌ನಲ್ಲಿ ಜೋಸೆಫ್ ಫುಕ್ಸ್ ಎಂಬ ಪಿಟೀಲುವಾದಕ ಮತ್ತು ಅವರ ಸಹೋದರಿ, ವಿಯೋಲಾವಾದಕಿ ಲಿಲಿಯನ್ ಫುಕ್ಸ್ ಜೊತೆಯಾಗಿ ಮೊಝಾರ್ಟರ ಡ್ಯುಯೋ ನುಡಿಸಿದ್ದನ್ನು ಕೇಳಿ ಮಾರ್ತಿನೂ ಅವರಿಗೆ ಹೊಸ ಹುರುಪು ಬಂತು. 1947ರಲ್ಲಿ ಆ ಅಣ್ಣ ತಂಗಿಗಾಗಿ ಮೂರು ಮಾದ್ರಿಗಲ್‌ಗಳು ಎಂಬ ಡ್ಯುಯೋ ಬರೆದರು. ಆ ಮೊಝಾರ್ಟ್ ಡ್ಯುಯೋಗಳಿಗೂ ಗೆಳೆತನದ ಕಥೆಯೇ ಅಂಟಿಕೊಂಡಿದೆ. 1783ರಲ್ಲಿ ಸಾಲ್ಸ್‌ಬರ್ಗಿನ ಮಹಾಧರ್ಮಾಧ್ಯಕ್ಷರಿಗೆ ಆರು ಡ್ಯುಯೋ ಬರೆದುಕೊಡಬೇಕಿದ್ದ ಮಿಖಾಯೆಲ್ ಹೇಡನ್ ಕಾಯಿಲೆ ಬಿದ್ದಾಗ, ಉಳಿದ ಎರಡನ್ನು ಮೊಝಾರ್ಟ್ ತಾವೇ ಬರೆದು ಗೆಳೆಯನನ್ನು ಪಾರುಮಾಡಿದರೆಂದು ಹೇಳಲಾಗುತ್ತದೆ. ಒಬ್ಬ ಗೆಳೆಯನಿಗಾಗಿ ಬರೆದದ್ದು 164 ವರ್ಷಗಳ ಬಳಿಕ ಇನ್ನೊಬ್ಬ ನೊಂದ ಸಂಗೀತಗಾರನಿಗೆ ಔಷಧಿಯಾಯಿತು. 1950ರಲ್ಲಿ ಅವರು ಪಿಟೀಲು ಮತ್ತು ವಿಯೋಲಾಕ್ಕೆ ಎರಡನೆಯ ಡ್ಯುಯೋವನ್ನೂ ಬರೆದರು.

ಊರಿನ ಬುಗ್ಗೆಗಳ ನೆನಪು

1950ರ ದಶಕದಲ್ಲಿ ಮಾರ್ತಿನೂ ಯೂರೋಪಿಗೆ ಮರಳಿ ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ವಾಸಿಸಿದರು. ಪೊಲಿಚ್ಕಾ ರೈಲಿನಲ್ಲಿ ಒಂದೆರಡು ದಿನದ ದಾರಿ. ಆದರೂ ಹೋಗಲಾಗಲಿಲ್ಲ. ಊರಿನ ಕವಿ ಮಿಲೊಸ್ಲಾವ್ ಬುರೆಷ್ ಅವರ ಕವಿತೆಯೊಂದು ಅವರ ಕೈಸೇರಿತು. ಪೊಲಿಚ್ಕಾ ಕಡೆಯ ಗುಡ್ಡಗಳಲ್ಲಿ ವಸಂತಕಾಲ ಬಂದಾಗ ಮಕ್ಕಳು ಗುಂಪಾಗಿ ಹೋಗಿ ನೀರಿನ ಬುಗ್ಗೆಗಳಲ್ಲಿ ತುಂಬಿದ ಎಲೆ, ಕೆಸರು ತೆಗೆದು ಶುಚಿಗೊಳಿಸುವ ಪದ್ಧತಿಯ ಕುರಿತು ಅದು ಹೇಳುತ್ತದೆ. ನೀರಿನ ಬೆಲೆ ಬಲ್ಲ ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಬಾವಿ, ಕೆರೆಗಳ ಹೂಳೆತ್ತುವ ಕೆಲಸಕ್ಕೆ ಇಡೀ ಊರು ಸೇರುವುದನ್ನು ಇದು ನೆನಪಿಸುತ್ತದೆ. 1955ರಲ್ಲಿ ಮಾರ್ತಿನೂ ಈ ಕವಿತೆಗೆ ಸಂಗೀತ ಬರೆದರು. ದೊಡ್ಡ ವಾದ್ಯವೃಂದವಿಲ್ಲ. ಗಾಯನದ ಜೊತೆಗೆ ಎರಡು ಪಿಟೀಲು, ಒಂದು ವಿಯೋಲಾ, ಒಂದು ಪಿಯಾನೋ ಅಷ್ಟೇ. 1956ರ ಜನವರಿಯಲ್ಲಿ ಅದು ಮೊದಲು ಕೇಳಿಸಿದ್ದು ಪೊಲಿಚ್ಕಾದಲ್ಲಿ. ಬರೆದವರು ಮಾತ್ರ ಅಲ್ಲಿರಲಿಲ್ಲ.

ಈ ವರ್ಷಗಳಲ್ಲಿ ಅವರು ಬಹಳ ಶ್ರಮಿಸಿದ ಇನ್ನೊಂದು ಕೃತಿ ಗ್ರೀಕ್ ಪ್ಯಾಶನ್ ಎಂಬ ಒಪೆರಾ. ನಿಕೋಸ್ ಕಝಾನ್‌ಝಾಕಿಸ್ ಅವರ ಕಾದಂಬರಿಯನ್ನು ಆಧರಿಸಿದ ಇದರ ಕಥೆ ಹೀಗಿದೆ. ಒಂದು ಗ್ರೀಕ್ ಹಳ್ಳಿಯಲ್ಲಿ ಯೇಸುವಿನ ಯಾತನೆಯ ನಾಟಕಕ್ಕೆ ಪಾತ್ರ ಹಂಚುತ್ತಾರೆ. ಅದೇ ಹೊತ್ತಿಗೆ ಮನೆಮಠ ಕಳೆದುಕೊಂಡ ನಿರಾಶ್ರಿತರು ಊರಬಾಗಿಲಿಗೆ ಬರುತ್ತಾರೆ. ಕ್ರಿಸ್ತನ ಪಾತ್ರಧಾರಿ ಅವರ ಪರ ನಿಲ್ಲುತ್ತಾನೆ. ಊರಿನ ಹಿರಿಯರು ಅವರನ್ನು ಓಡಿಸಲು ನೋಡುತ್ತಾರೆ. ತಾವೇ ನಿರಾಶ್ರಿತರಾಗಿ ಅಲೆದ ಮಾರ್ತಿನೂ ಅವರಿಗೆ ಈ ಕಥೆ ಎಷ್ಟು ಹತ್ತಿರವಾಗಿದ್ದಿರಬೇಕು! ಅದರ ಮೊದಲ ಪ್ರದರ್ಶನ ನಡೆದದ್ದು ಅವರ ಮರಣದ ನಂತರ, 1961ರಲ್ಲಿ, ಝೂರಿಕ್ ನಗರದಲ್ಲಿ.

1958ರಲ್ಲಿ, ಆಯುಸ್ಸಿನ ಕೊನೆಯ ಹಂತದಲ್ಲಿ, ಅವರು ಮತ್ತೊಮ್ಮೆ ಪಿಟೀಲು ಮತ್ತು ಚೆಲ್ಲೋಗಾಗಿ ಎರಡನೆಯ ಡ್ಯುಯೋ ಬರೆದರು. ಮೊದಲನೆಯದಕ್ಕೂ ಇದಕ್ಕೂ 31 ವರ್ಷಗಳ ಅಂತರ. ಹೊಟ್ಟೆಯ ಕ್ಯಾನ್ಸರ್‌ನಿಂದ ಬಳಲಿದ ಅವರು 1959ರ ಆಗಸ್ಟ್ 28ರಂದು ಸ್ವಿಟ್ಜರ್ಲೆಂಡಿನ ಲೀಸ್ಟಾಲ್ ಆಸ್ಪತ್ರೆಯಲ್ಲಿ ನಿಧನರಾದರು. ಅವರಿಗೆ ಆಶ್ರಯ ನೀಡಿದ್ದ ಸಂಗೀತ ನಿರ್ದೇಶಕ ಪಾಲ್ ಸಾಕರ್ ಅವರ ಶ್ಯೋನೆನ್‌ಬರ್ಗ್ ಎಸ್ಟೇಟಿನಲ್ಲಿ ಸಮಾಧಿ ಮಾಡಲಾಯಿತು. 20 ವರ್ಷಗಳ ಬಳಿಕ, 1979ರಲ್ಲಿ, ಅವರ ಅವಶೇಷಗಳನ್ನು ಪೊಲಿಚ್ಕಾಗೆ ತಂದು ಮರುಸಮಾಧಿ ಮಾಡಲಾಯಿತು. ಅವರು ಹುಟ್ಟಿದ ಗೋಪುರದ ಕೋಣೆಯನ್ನು ಸ್ಮಾರಕವಾಗಿ ಕಾಪಾಡಲಾಗಿದೆ.

ನಮ್ಮ ಗಾಯನ ಮಂಡಳಿಗಳಿಗೆ

ಮಾರ್ತಿನೂ ಅವರ ಬದುಕಿನಿಂದ ಧರ್ಮಕೇಂದ್ರಗಳ ಕಾರ್ಯಕರ್ತರು ಮೂರು ಸಂಗತಿಗಳನ್ನು ಗಮನಿಸಬಹುದು. ಮೊದಲನೆಯದು, ಪ್ರತಿಭೆ ಎಲ್ಲಿ ಹುಟ್ಟುತ್ತದೆಂದು ಹೇಳಲಾಗದು. ಚಪ್ಪಲಿ ಹೊಲಿಯುವವರ ಮನೆಯಲ್ಲಿ ಹುಟ್ಟಿದ ಮಗುವಿಗೆ ದರ್ಜಿ ಪಾಠ ಹೇಳಿದರು, ಊರಿನವರು ದಾರಿಖರ್ಚು ಕೊಟ್ಟರು. ಎರಡನೆಯದು, ಒಂದು ವಿದ್ಯಾಲಯ ಅಯೋಗ್ಯನೆಂದು ಹೊರಹಾಕಿದವನನ್ನು ಕೈಹಿಡಿಯಲು ಒಬ್ಬ ಗೆಳೆಯ ಸಾಕು. ನಮ್ಮ ಮಂಡಳಿಗಳಲ್ಲಿ ಅಭ್ಯಾಸಕ್ಕೆ ತಡವಾಗಿ ಬರುವ, ಸ್ವರ ತಪ್ಪುವ ಹುಡುಗರನ್ನು ಬೇಡವೆಂದು ಕಳುಹಿಸುವ ಮುನ್ನ ನೊವಾಕ್ ಅವರನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಮೂರನೆಯದು, ಜೊತೆಯಾಗಿ ನುಡಿಸುವುದೆಂದರೆ ಒಬ್ಬರು ಮೆರೆಯುವುದಲ್ಲ. ಇನ್ನೊಬ್ಬರ ಸರದಿ ಬಂದಾಗ ತಮ್ಮ ಧ್ವನಿಯನ್ನು ತಗ್ಗಿಸಿ ಕೇಳುವುದೂ ಸಂಗೀತವೇ. ಎರಡೇ ವಾದ್ಯಗಳ ಆ ಚಿಕ್ಕ ಕೃತಿಯಲ್ಲಿ ಇದನ್ನು ಯಾರು ಬೇಕಾದರೂ ಕೇಳಬಹುದು.